ನೆರವು ಇದೆ, ತಲುಪುವುದು ಹೇಗೆ?

ಟೆಕ್ಸಾಸ್ ರಾಜ್ಯದ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 64 ಜನ. ಅದೇ ಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ಕೌಂಟಿಯ ಜನಸಂಖ್ಯೆ ಒಂದು ಕೋಟಿ ದಾಟಿತ್ತು. ಆಡಳಿತದ ಲೆಕ್ಕದಲ್ಲಿ ಎರಡೂ ಕೌಂಟಿಗಳೇ. ಅಮೆರಿಕದಲ್ಲಿ ಇಂಥ ಕೌಂಟಿಗಳು 3,000ಕ್ಕೂ ಹೆಚ್ಚಿವೆ. ಗಾತ್ರದಲ್ಲಿ ಅವನ್ನು ನಮ್ಮ ಜಿಲ್ಲೆಯ ಪಕ್ಕದಲ್ಲಿಟ್ಟು ನೋಡಬಹುದು. ಆದರೆ ನಮ್ಮಲ್ಲಿ ಜಿಲ್ಲಾಧಿಕಾರಿಯನ್ನು ಸರ್ಕಾರ ಕಳಿಸುತ್ತದೆ; ಅಲ್ಲಿ ಬಹುಪಾಲು ಕೌಂಟಿಗಳನ್ನು ಜನರೇ ಆರಿಸಿದ ಮಂಡಳಿ ನಡೆಸುತ್ತದೆ. ಜೈಲು, ರಸ್ತೆ, ಚುನಾವಣೆ, ಆಸ್ತಿ ದಾಖಲೆಗಳ ಜೊತೆಗೆ ಬಡವರ ಪೋಷಣೆಯ ಕೆಲಸವೂ ಅನೇಕ ರಾಜ್ಯಗಳಲ್ಲಿ ಇದೇ ಮಂಡಳಿಯ ಹೆಗಲಿಗೆ ಬಿದ್ದಿದೆ.

ಕೆಲಸ ಕಳೆದುಕೊಂಡವರು, ಬಾಡಿಗೆ ಬಾಕಿ ಉಳಿಸಿಕೊಂಡವರು, ಒಂಟಿ ವೃದ್ಧರು, ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಅಂಥ ಕಡೆ ಮೊದಲು ಯಾರನ್ನು ಕೇಳಬೇಕು? ಯೋಜನೆಗಳಿಗೆ ಅಲ್ಲಿ ಬರವಿಲ್ಲ. ಊಟಕ್ಕೊಂದು, ಔಷಧಿಗೊಂದು, ಹಾಲೂಡುವ ತಾಯಿಗೊಂದು, ಚಳಿಗಾಲದ ಕರೆಂಟ್ ಬಿಲ್ಲಿಗೊಂದು ಎಂದು ಸಾಲುಸಾಲಾಗಿ ಇವೆ. ಇಷ್ಟಿದ್ದೂ ಅರ್ಹರಾದ ಎಷ್ಟೋ ಜನರಿಗೆ ಅವು ದಕ್ಕುವುದಿಲ್ಲ. ಈ ಸಮೀಕ್ಷೆಯ ವಾದ ಇಷ್ಟು: ನೆರವನ್ನು ಹುಡುಕಿಕೊಡುವುದೂ ಒಂದು ನೆರವೇ. ಆ ಕೆಲಸಕ್ಕೆ ಹಣ, ಜನ, ಹೊಣೆಗಾರಿಕೆ ಇಲ್ಲದ ಕಡೆ ಉಳಿದೆಲ್ಲ ಯೋಜನೆಗಳೂ ಅರ್ಧ ದಾರಿಯಲ್ಲಿ ನಿಂತುಬಿಡುತ್ತವೆ.

ಬಡವರ ಪಟ್ಟಿ, ನೆರವಿನ ಪಟ್ಟಿ

ಈ ವ್ಯವಸ್ಥೆಯ ಬೇರು ಇಂಗ್ಲೆಂಡಿನಲ್ಲಿದೆ. ಒಂದನೇ ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾಯ್ದೆ, ಆಯಾ ಊರಿನ ದಿಕ್ಕಿಲ್ಲದವರನ್ನು ಆಯಾ ಊರೇ ನೋಡಿಕೊಳ್ಳಬೇಕೆಂದು ವಿಧಿಸಿತು. ಅಟ್ಲಾಂಟಿಕ್ ದಾಟಿದ ವಲಸಿಗರು ಆ ನಿಯಮವನ್ನು ಜೊತೆಗೊಯ್ದರು. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಹೋಯಿತು: ಇವನು ನಮ್ಮೂರಿನವನು ಹೌದೇ? ಅಲ್ಲವೆಂದು ತೀರ್ಮಾನವಾದರೆ ಊರಿನ ಗಡಿ ದಾಟಿಸುವುದು ವಾಡಿಕೆಯಾಗಿತ್ತು. 19ನೇ ಶತಮಾನದಲ್ಲಿ ಕೌಂಟಿಗಳು ಬಡವರಿಗಾಗಿ ಆಶ್ರಯಮನೆಗಳನ್ನು ಕಟ್ಟಿ, ಬೇಸಾಯದ ಹೊಲಗಳನ್ನು ನಡೆಸಿದವು. ಅನಾಥ ಮಕ್ಕಳು, ಮುದುಕರು, ಮತಿ ಕೆಟ್ಟವರು ಒಂದೇ ಸೂರಿನಡಿ ಬಿದ್ದಿರುತ್ತಿದ್ದರು.

1877ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ದಾನ ಸಂಸ್ಥೆಗಳನ್ನು ಒಗ್ಗೂಡಿಸುವ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಹುಟ್ಟಿತು. ಬೇಗನೆ ಬೇರೆ ನಗರಗಳಿಗೂ ಹಬ್ಬಿತು. ಒಂದೇ ಮನೆಯವರು ಎರಡು ಕಡೆ ಕೈಯೊಡ್ಡುತ್ತಿದ್ದಾರೆಯೇ ಎಂದು ಪತ್ತೆಹಚ್ಚಲು ಈ ಸಂಘಗಳು ಬಡ ಕುಟುಂಬಗಳ ದಾಖಲೆ ಇಡುತ್ತಿದ್ದವು. ಅಂದಿನ ಪಟ್ಟಿಯಲ್ಲಿ ಇದ್ದದ್ದು ಬಡವರ ಹೆಸರು. ಅದು ಇದ್ದದ್ದು ದಾನಿಗಳ ಕೈಯಲ್ಲಿ. ಯಾವ ನೆರವು ಎಲ್ಲಿದೆ ಎಂದು ಬಡವರಿಗೆ ತಿಳಿಸುವ ಪಟ್ಟಿ ಅವರ ಕೈಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಮಹಾ ಆರ್ಥಿಕ ಕುಸಿತದಲ್ಲಿ ಕೌಂಟಿಗಳ ಬೊಕ್ಕಸ ಬರಿದಾಯಿತು. 1935ರ ಆಗಸ್ಟ್ 14ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಸಾಮಾಜಿಕ ಭದ್ರತಾ ಕಾಯ್ದೆಯೊಂದಿಗೆ ಕೇಂದ್ರದ ಹಣ ಈ ಕ್ಷೇತ್ರಕ್ಕೆ ಇಳಿಯಿತು. ಮುಂದೆ ಲಿಂಡನ್ ಜಾನ್ಸನ್ ಕಾಲದಲ್ಲಿ, 1964 ಮತ್ತು 1965ರ ಎರಡೇ ವರ್ಷದೊಳಗೆ ಫುಡ್ ಸ್ಟ್ಯಾಂಪ್ ಕಾಯ್ದೆ, ಬಡತನದ ವಿರುದ್ಧದ ಆರ್ಥಿಕ ಅವಕಾಶ ಕಾಯ್ದೆ, ಹಿರಿಯ ಅಮೆರಿಕನ್ನರ ಕಾಯ್ದೆ, ಮೆಡಿಕೇರ್, ಮೆಡಿಕೇಡ್ ಬಂದವು. ಯೋಜನೆಗಳು ಹೆಚ್ಚಿದಂತೆ ಕಚೇರಿಗಳು ಹೆಚ್ಚಿದವು. ಯಾವುದಕ್ಕೆ ಎಲ್ಲಿಗೆ ಹೋಗಬೇಕೆಂಬ ಗೊಂದಲವೂ ಬೆಳೆಯಿತು.

ಹಣ ಒಬ್ಬರದು, ಹೆಸರು ಇನ್ನೊಬ್ಬರದು

ಗೊಂದಲಕ್ಕೆ ಮೊದಲ ಕಾರಣ ಆಡಳಿತದ ಮೂರು ಪದರ. ಫುಡ್ ಸ್ಟ್ಯಾಂಪ್ ಯೋಜನೆಗೆ ಈಗ ಸ್ನ್ಯಾಪ್ ಎಂದು ಹೆಸರು. ಕೊಡುವ ಆಹಾರದ ಹಣ ಕೇಂದ್ರದ್ದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನೇ ಕ್ಯಾಲ್‌ಫ್ರೆಶ್ ಎನ್ನುತ್ತಾರೆ, ವಿಸ್ಕಾನ್ಸಿನ್‌ನಲ್ಲಿ ಫುಡ್‌ಶೇರ್. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಟೆನೆಸಿಯಲ್ಲಿ ಟೆನ್‌ಕೇರ್, ಮ್ಯಾಸಚೂಸೆಟ್ಸ್‌ನಲ್ಲಿ ಮ್ಯಾಸ್‌ಹೆಲ್ತ್. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದ ಕುಟುಂಬ ಹಳೆಯ ಹೆಸರನ್ನು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ.

ಬಹುತೇಕ ರಾಜ್ಯಗಳಲ್ಲಿ ಸ್ನ್ಯಾಪ್ ಅರ್ಜಿಯನ್ನು ರಾಜ್ಯದ ಸಿಬ್ಬಂದಿಯೇ ನೋಡುತ್ತಾರೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಒಹಾಯೊ, ವರ್ಜೀನಿಯಾ ಸೇರಿ ಹತ್ತು ರಾಜ್ಯಗಳಲ್ಲಿ ಮಾತ್ರ ಆ ಕೆಲಸ ಕೌಂಟಿಗಳದು. ಕ್ಯಾಲಿಫೋರ್ನಿಯಾದ 58 ಕೌಂಟಿಗಳ ಮೇಲೆ ಇನ್ನೂ ದೊಡ್ಡ ಹೊರೆ ಇದೆ. ಬೇರೆ ಯಾವ ಆಸರೆಯೂ ಇಲ್ಲದ ಬಡ ನಿವಾಸಿಗಳನ್ನು ಕೌಂಟಿ ನೋಡಿಕೊಳ್ಳಲೇಬೇಕೆಂದು ಆ ರಾಜ್ಯದ ಕಲ್ಯಾಣ ಸಂಹಿತೆಯ 17000ನೇ ಕಲಮು ಹೇಳುತ್ತದೆ. ಜನರಲ್ ಅಸಿಸ್ಟೆನ್ಸ್ ಎಂಬ ಸಣ್ಣ ಮೊತ್ತದ ನಗದು ನೆರವು ಹುಟ್ಟಿದ್ದು ಇದೇ ಕಲಮಿನಿಂದ. 1601ರ ಕಾಯ್ದೆಯ ನೆರಳು ಸಿಲಿಕಾನ್ ಕಣಿವೆಯ ಮೇಲೂ ಬಿದ್ದಿದೆ ಎಂದರೆ ತಪ್ಪಲ್ಲ.

ಹಕ್ಕಿನ ನೆರವು, ಸರದಿಯ ನೆರವು

ನೆರವು ಹುಡುಕುವವರು ಮೊಟ್ಟಮೊದಲು ತಿಳಿಯಬೇಕಾದ ಭೇದ ಒಂದಿದೆ. ಯೋಜನೆಗಳ ಕೈಪಿಡಿಗಳಲ್ಲಿ ಇದು ಎದ್ದು ಕಾಣುವುದೇ ಅಪರೂಪ.

ಕೆಲವು ಯೋಜನೆಗಳು ಹಕ್ಕಿನವು. ಅರ್ಹತೆ ಇದ್ದವರೆಲ್ಲರಿಗೂ ಕೊಡಲೇಬೇಕು. ಹಣ ಮುಗಿಯಿತು ಎನ್ನುವಂತಿಲ್ಲ. ಸ್ನ್ಯಾಪ್, ಮೆಡಿಕೇಡ್ ಈ ಗುಂಪಿಗೆ ಸೇರಿದವು. ಹೆಸರು, ವಿಳಾಸ, ಸಹಿ ಇಷ್ಟಿದ್ದರೆ ಸ್ನ್ಯಾಪ್ ಅರ್ಜಿಯನ್ನು ಸ್ವೀಕರಿಸಬೇಕು. ಉಳಿದ ಕಾಗದಗಳನ್ನು ಆಮೇಲೆ ಕೊಡಬಹುದು. 30 ದಿನದೊಳಗೆ ತೀರ್ಮಾನ ಹೇಳಬೇಕು. ಕೈಯಲ್ಲಿ ಕಾಸಿಲ್ಲದ ತೀರ ತುರ್ತಿನ ಮನೆಗಳಿಗೆ 7 ದಿನದೊಳಗೆ ಕೊಡಬೇಕೆಂಬುದು ಕೇಂದ್ರದ ನಿಯಮ. ತಿರಸ್ಕರಿಸಿದರೆ ಮೇಲ್ಮನವಿ ಉಂಟು. 1970ರ ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಜೀವನಾಧಾರದ ನೆರವನ್ನು ನಿಲ್ಲಿಸುವ ಮುಂಚೆ ಪಡೆಯುವವರ ಅಹವಾಲು ಕೇಳಬೇಕೆಂದು ತೀರ್ಪಿತ್ತಿತು. ಆದ್ದರಿಂದ ಇಂಥ ಯೋಜನೆಗಳಲ್ಲಿ ಒಮ್ಮೆ ಇಲ್ಲ ಎನಿಸಿಕೊಂಡವರು ಸುಮ್ಮನಾಗಬಾರದು. ಲಿಖಿತ ಕಾರಣ ಕೇಳಬೇಕು, ಮತ್ತೆ ಹೋಗಬೇಕು.

ಇನ್ನು ಕೆಲವು ಸರದಿಯವು. ಇಟ್ಟ ಹಣ ತೀರಿದರೆ ಅರ್ಹರೂ ಕಾಯಬೇಕು. ವಸತಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ಸಿಗುತ್ತದೆ. ಅನೇಕ ಕಡೆ ಕಾಯುವ ಪಟ್ಟಿಯೇ ಮುಚ್ಚಿರುತ್ತದೆ. ತೆರೆದಾಗ ಲಾಟರಿ ಎತ್ತುತ್ತಾರೆ. 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಅಮೆರಿಕದಲ್ಲಿ ಮನೆಯಿಲ್ಲದವರು 7,71,480 ಜನ. ಇಂಥ ಕಡೆ ಎಷ್ಟು ಚೆನ್ನಾಗಿ ದಾರಿ ತೋರಿದರೂ ಖಾಲಿ ಮನೆ ಇಲ್ಲದಿದ್ದರೆ ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ. ಮಾಹಿತಿಯೊಂದೇ ಸಾಕು ಎನ್ನುವವರು ಇದನ್ನು ಮರೆಯಬಾರದು.

ನಗದು ನೆರವು ಹಕ್ಕಿನ ಗುಂಪಿನಿಂದ ಹೊರಬಿದ್ದದ್ದು 1996ರಲ್ಲಿ. ಬಿಲ್ ಕ್ಲಿಂಟನ್ ಸಹಿ ಮಾಡಿದ ಕಾಯ್ದೆ ಹಳೆಯ ಯೋಜನೆಯನ್ನು ತೆಗೆದು ಟ್ಯಾನ್ಫ್ ಎಂಬುದನ್ನು ತಂದಿತು. ಕೇಂದ್ರದ ಹಣದಿಂದ ಒಂದು ಕುಟುಂಬಕ್ಕೆ ಸಾಮಾನ್ಯವಾಗಿ ಜೀವಮಾನದಲ್ಲಿ 60 ತಿಂಗಳು ಮಾತ್ರ; ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್‌ಗಳ ಗಟ್ಟಿ ಮೊತ್ತ. ಬೆಲೆ ಏರಿದರೂ ಆ ಮೊತ್ತ ಏರಲಿಲ್ಲ. 1996ರಲ್ಲಿ ಬಡತನದಲ್ಲಿದ್ದ ಮಕ್ಕಳಿರುವ ಪ್ರತಿ 100 ಕುಟುಂಬಗಳಲ್ಲಿ 68ಕ್ಕೆ ನಗದು ನೆರವು ತಲುಪುತ್ತಿತ್ತು. 2020ರ ಹೊತ್ತಿಗೆ ಅದು 21ಕ್ಕೆ ಇಳಿದಿತ್ತು.

ದಾರಿ ತೋರುವವರು

ಹುಡುಕುವ ಕೆಲಸಕ್ಕೆಂದೇ ಹುಟ್ಟಿದ ಸೇವೆಗಳಲ್ಲಿ ಮುಖ್ಯವಾದದ್ದು 211. 1997ರಲ್ಲಿ ಅಟ್ಲಾಂಟಾದಲ್ಲಿ ಯುನೈಟೆಡ್ ವೇ ಸಂಸ್ಥೆ ಈ ಮೂರಂಕಿ ಸಂಖ್ಯೆಯನ್ನು ಮೊದಲು ಚಾಲೂ ಮಾಡಿತು. 2000ದ ಜುಲೈನಲ್ಲಿ ಕೇಂದ್ರದ ದೂರಸಂಪರ್ಕ ಆಯೋಗ ಇಡೀ ದೇಶದ ಸಾಮಾಜಿಕ ಸೇವೆಯ ಮಾಹಿತಿಗೆ ಅದನ್ನೇ ಮೀಸಲಿಟ್ಟಿತು. ಇಂದು ಬಹುತೇಕ ಎಲ್ಲ ಕೌಂಟಿಗಳಿಂದಲೂ ಕರೆ ಮಾಡಬಹುದು. ಕರೆ ಎತ್ತುವವರು ಪಿನ್ ಕೋಡ್ ಕೇಳುತ್ತಾರೆ, ಸಂಕಟ ಏನೆಂದು ಕೇಳುತ್ತಾರೆ, ಹತ್ತಿರದ ಕಚೇರಿ, ಸಂಸ್ಥೆಗಳ ವಿವರ ಕೊಡುತ್ತಾರೆ. ವರ್ಷಕ್ಕೆ ಕೋಟಿಗೂ ಮಿಕ್ಕಿ ಬರುವ ಕೋರಿಕೆಗಳಲ್ಲಿ ಮುಂದಿರುವುದು ಬಾಡಿಗೆ, ಮನೆ, ಕರೆಂಟ್ ಮತ್ತು ನೀರಿನ ಬಿಲ್ಲು.

ಈ ಸೇವೆಯ ಬೆನ್ನೆಲುಬು ವಿವರಗಳ ಭಂಡಾರ. ಸಂಸ್ಥೆಗಳು ವೇಳೆ ಬದಲಾಯಿಸುತ್ತವೆ, ಅನುದಾನ ನಿಂತು ಮುಚ್ಚುತ್ತವೆ, ವಿಳಾಸ ಬದಲಾಯಿಸುತ್ತವೆ. ಪ್ರತಿ ನಮೂದನ್ನೂ ಆಗಾಗ ಫೋನ್ ಮಾಡಿ ಪರೀಕ್ಷಿಸುವ ಜನ ಬೇಕು. ಯಾರ ಕಣ್ಣಿಗೂ ಬೀಳದ ಈ ಕೆಲಸಕ್ಕೆ ದಾನಿಗಳು ಹಣ ಕೊಡುವುದು ಕಡಿಮೆ. ಹಳಸಿದ ಪಟ್ಟಿಯೋ, ಪಟ್ಟಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಎರಡು ಬಸ್ ಬದಲಾಯಿಸಿ ಹೋದವರಿಗೆ ಬೀಗ ಕಂಡರೆ ಮೂರನೆಯ ಕಡೆ ಹೋಗುವ ಚೈತನ್ಯ ಉಳಿಯುವುದಿಲ್ಲ.

ಹಿರಿಯರಿಗೆ ಬೇರೆ ಜಾಲವಿದೆ. ಹಿರಿಯರ ಕಾಯ್ದೆಗೆ 1973ರಲ್ಲಿ ಆದ ತಿದ್ದುಪಡಿಯಿಂದ ಬಂದ ಪ್ರಾದೇಶಿಕ ವೃದ್ಧಾಪ್ಯ ಸಂಸ್ಥೆಗಳು 600ಕ್ಕೂ ಹೆಚ್ಚಿವೆ. ಅವು ನಡೆಸುವ ಮಧ್ಯಾಹ್ನದ ಊಟಕ್ಕೆ 60 ದಾಟಿದವರು ಆದಾಯದ ಲೆಕ್ಕ ಕೊಡಬೇಕಿಲ್ಲ. ಮನಸ್ಸಿದ್ದಷ್ಟು ಹಣ ಹಾಕಬಹುದು, ಹಾಕದಿದ್ದರೂ ಊಟ ನಿರಾಕರಿಸುವಂತಿಲ್ಲ. 1964ರ ಬಡತನ ವಿರೋಧಿ ಕಾಯ್ದೆಯ ಕೂಸುಗಳಾದ ಕಮ್ಯುನಿಟಿ ಆಕ್ಷನ್ ಸಂಸ್ಥೆಗಳು ಗ್ರಾಮೀಣ ಕೌಂಟಿಗಳಲ್ಲಿ ಇಂದಿಗೂ ಮುಖ್ಯ ಆಸರೆ. ಜಾನ್ ವ್ಯಾನ್ ಹೆಂಗಲ್ ಎಂಬವರು 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಆರಂಭಿಸಿದ ಮೊದಲ ಫುಡ್ ಬ್ಯಾಂಕ್‌ನ ಮಾದರಿ ಈಗ ದೇಶದ ಉದ್ದಗಲಕ್ಕೂ ಇದೆ. ಸಾರ್ವಜನಿಕ ಗ್ರಂಥಾಲಯಗಳೂ ಈ ಸಾಲಿಗೆ ಸೇರಿವೆ. ಬಿಸಿಲು, ಚಳಿ ತಪ್ಪಿಸಿಕೊಳ್ಳಲು ಬರುವ ಮನೆಯಿಲ್ಲದವರನ್ನು ಕಂಡ ಸ್ಯಾನ್ ಫ್ರಾನ್ಸಿಸ್ಕೊ ಗ್ರಂಥಾಲಯ 2009ರಲ್ಲಿ ಪೂರ್ಣಾವಧಿಯ ಸಮಾಜ ಕಾರ್ಯಕರ್ತೆಯನ್ನು ನೇಮಿಸಿಕೊಂಡಿತು. ಆ ದಾರಿಯಲ್ಲಿ ಅನೇಕ ಗ್ರಂಥಾಲಯಗಳು ಹೆಜ್ಜೆಯಿಟ್ಟವು. ಪುಸ್ತಕ ಕೇಳುವ ನೆಪದಲ್ಲಿ ಮನೆಯ ಕಷ್ಟ ಹೇಳಿಕೊಳ್ಳುವುದು, ಕಲ್ಯಾಣ ಇಲಾಖೆಯ ಕೌಂಟರಿನ ಮುಂದೆ ನಿಲ್ಲುವುದಕ್ಕಿಂತ ಹಗುರ.

ತಲುಪದಿರುವುದಕ್ಕೆ ಕಾರಣಗಳು

ವಿದ್ವಾಂಸರಾದ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹನ್ 2018ರ ತಮ್ಮ ಪುಸ್ತಕದಲ್ಲಿ ಆಡಳಿತ ಜನರ ಮೇಲೆ ಹೇರುವ ಹೊರೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ತಿಳಿದುಕೊಳ್ಳುವ ಹೊರೆ, ನಿಯಮ ಪಾಲಿಸುವ ಹೊರೆ, ಮನಸ್ಸಿನ ಮೇಲೆ ಬೀಳುವ ಹೊರೆ. ಮೊದಲನೆಯದನ್ನು 211ರಂಥ ಸೇವೆ ಇಳಿಸಬಲ್ಲದು. ಉಳಿದೆರಡು ಕಠಿಣ.

ಪಾಲನೆಯ ಹೊರೆ ಎಷ್ಟು ಭಾರ ಎಂಬುದಕ್ಕೆ ಅರ್ಕಾನ್ಸಾ ರಾಜ್ಯ ಸಾಕ್ಷಿ. 2018ರಲ್ಲಿ ಅಲ್ಲಿ ಮೆಡಿಕೇಡ್ ಪಡೆಯುವ ಕೆಲವರು ತಿಂಗಳಿಗೆ 80 ಗಂಟೆ ದುಡಿದದ್ದನ್ನು ಅಂತರ್ಜಾಲದಲ್ಲಿ ವರದಿ ಮಾಡಬೇಕೆಂಬ ನಿಯಮ ಬಂತು. ಆ ತಾಣ ರಾತ್ರಿ ಹೊತ್ತು ಮುಚ್ಚಿರುತ್ತಿತ್ತು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು, ದುಡಿಯುತ್ತಿದ್ದವರೂ ಅದರಲ್ಲಿದ್ದರು. ಕೋವಿಡ್ ಕಾಲದ ರಕ್ಷಣೆ ಮುಗಿದ ಮೇಲೆ, 2023 ಮತ್ತು 2024ರಲ್ಲಿ ಇಡೀ ದೇಶದಲ್ಲಿ ಎರಡೂವರೆ ಕೋಟಿ ಜನರನ್ನು ಮೆಡಿಕೇಡ್‌ನಿಂದ ತೆಗೆದರು. ಅವರಲ್ಲಿ ಶೇ 69ರಷ್ಟು ಮಂದಿ ಅನರ್ಹರೆಂದು ಸಾಬೀತಾದವರಲ್ಲ. ಪತ್ರ ಹಳೆಯ ವಿಳಾಸಕ್ಕೆ ಹೋಯಿತು, ಫಾರಂ ಸಮಯಕ್ಕೆ ಮರಳಲಿಲ್ಲ ಎಂಬಂಥ ಕಾರಣಕ್ಕೆ ಹೊರಬಿದ್ದವರು.

ಮನಸ್ಸಿನ ಹೊರೆ ಹಿರಿಯರಲ್ಲಿ ಹೆಚ್ಚು. ಒಟ್ಟಾರೆ ಅರ್ಹರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನ ಸ್ನ್ಯಾಪ್ ಪಡೆಯುತ್ತಾರೆ. 60 ದಾಟಿದ ಅರ್ಹರಲ್ಲಿ ಪಡೆಯುವವರು ಅರ್ಧದ ಆಸುಪಾಸು. ನನಗಿಂತ ಕಷ್ಟದಲ್ಲಿರುವವರಿಗೆ ಹೋಗಲಿ ಎನ್ನುವ ಸಂಕೋಚ, ಕೈಗೆ ಬರುವ ಪುಡಿಗಾಸಿಗೆ ಇಷ್ಟು ಕಾಗದವೇ ಎನ್ನುವ ಬೇಸರ ಎರಡೂ ಇಲ್ಲಿ ಸೇರಿವೆ.

ಈ ಹೊರೆ ಇಳಿಯುವ ಬದಲು ಏರುವ ಲಕ್ಷಣವೇ ಕಾಣುತ್ತಿದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ, ದುಡಿಮೆಯ ಲೆಕ್ಕ ಕೊಡಬೇಕಾದ ಸ್ನ್ಯಾಪ್ ಫಲಾನುಭವಿಗಳ ವಯಸ್ಸನ್ನು 64ರವರೆಗೆ ಏರಿಸಿತು. ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳು 2027ರ ಆರಂಭದೊಳಗೆ ಅನೇಕ ವಯಸ್ಕರಿಂದ 80 ಗಂಟೆಯ ದುಡಿಮೆಯ ಪುರಾವೆ ಕೇಳಬೇಕು, ಆರು ತಿಂಗಳಿಗೊಮ್ಮೆ ಅರ್ಹತೆ ಪರೀಕ್ಷಿಸಬೇಕು. ಸ್ನ್ಯಾಪ್ ಆಡಳಿತ ವೆಚ್ಚದಲ್ಲಿ ಕೇಂದ್ರದ ಪಾಲು ಅರ್ಧದಿಂದ ಕಾಲು ಭಾಗಕ್ಕೆ ಇಳಿಯಲಿದೆ. ಕಾಗದ ಹೆಚ್ಚು, ಅದನ್ನು ನೋಡುವ ಕೈಗೆ ಹಣ ಕಡಿಮೆ. ಇದರ ಬಿಸಿ ಮೊದಲು ತಟ್ಟುವುದು ಕೌಂಟಿಯ ಕೌಂಟರಿಗೆ.

ಸಾಂಟಾ ಕ್ಲಾರಾದ ಕನ್ನಡಿಗರು

ಈ ಪ್ರಶ್ನೆ ಕನ್ನಡಿಗರನ್ನು ನೇರವಾಗಿ ಮುಟ್ಟುವ ಕೌಂಟಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿರುವ ಸಾಂಟಾ ಕ್ಲಾರಾ. ಸ್ಯಾನ್ ಹೋಸೆ, ಸನ್ನಿವೇಲ್, ಕುಪರ್ಟಿನೊ, ಮಿಲ್ಪಿಟಾಸ್ ಊರುಗಳೆಲ್ಲ ಇದರೊಳಗಿವೆ. ಸಿರಿವಂತಿಕೆಗೆ ಹೆಸರಾದ ಇಲ್ಲಿಯೇ ಮನೆಯಿಲ್ಲದವರ ಸಂಖ್ಯೆ ಸುಮಾರು ಹತ್ತು ಸಾವಿರ. ಇಲ್ಲಿನ ಸೆಕೆಂಡ್ ಹಾರ್ವೆಸ್ಟ್ ಫುಡ್ ಬ್ಯಾಂಕ್ ಪಕ್ಕದ ಸ್ಯಾನ್ ಮಟೇಯೊ ಕೌಂಟಿಯೂ ಸೇರಿದಂತೆ ತಿಂಗಳಿಗೆ ಸುಮಾರು ಐದು ಲಕ್ಷ ಜನರಿಗೆ ಆಹಾರ ಒದಗಿಸುತ್ತದೆ.

ಕನ್ನಡಿಗರಲ್ಲಿ ಬಹುಪಾಲು ಜನ ಚೆನ್ನಾಗಿ ಸಂಪಾದಿಸುವವರೇ. ಆದರೆ ಮಗ, ಮಗಳ ಜೊತೆಗಿರಲು ಗ್ರೀನ್ ಕಾರ್ಡ್ ಪಡೆದು ಬಂದ ತಂದೆತಾಯಿಯರ ಸ್ಥಿತಿ ಬೇರೆ. 1996ರ ಕಾಯ್ದೆ ಬಹುಪಾಲು ವಯಸ್ಕ ಗ್ರೀನ್ ಕಾರ್ಡ್ ಹೊಂದಿದವರನ್ನು ಮೊದಲ ಐದು ವರ್ಷ ಸ್ನ್ಯಾಪ್‌ನಿಂದ ದೂರ ಇಟ್ಟಿದೆ. ಆ ಕೊರತೆ ತುಂಬಲು ಕ್ಯಾಲಿಫೋರ್ನಿಯಾ ತನ್ನದೇ ಹಣದಿಂದ ಆಹಾರ ನೆರವು ಕೊಡುತ್ತದೆ. ಆದರೂ ಕರೆಸಿಕೊಳ್ಳುವಾಗ ಮಗ ಬರೆದುಕೊಟ್ಟ ಪೋಷಣೆಯ ಮುಚ್ಚಳಿಕೆಯ ಆಧಾರದ ಮೇಲೆ ಅವನ ಆದಾಯವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಎಚ್-1ಬಿ ವೀಸಾದಲ್ಲಿರುವವರಿಗೆ, ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಸ್ನ್ಯಾಪ್ ಇಲ್ಲ. ಶಾಲೆಯಲ್ಲಿ ಮಕ್ಕಳ ಊಟ, ಫುಡ್ ಬ್ಯಾಂಕಿನ ದಿನಸಿ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪ್ರಾಣ ಉಳಿಸುವ ಚಿಕಿತ್ಸೆಗೆ ವೀಸಾದ ಪ್ರಶ್ನೆ ಅಡ್ಡಬರುವುದಿಲ್ಲ. ಚಿಕಿತ್ಸೆಯ ಬಿಲ್ಲು ಮಾತ್ರ ಬೇರೆ ಕಥೆ.

ಅರ್ಹ ವಲಸಿಗರೂ ನೆರವು ಕೇಳಲು ಹಿಂಜರಿಯುವುದಕ್ಕೆ ದೊಡ್ಡ ಕಾರಣ ಪಬ್ಲಿಕ್ ಚಾರ್ಜ್ ನಿಯಮ. ಸರ್ಕಾರಕ್ಕೆ ಹೊರೆಯಾಗಬಲ್ಲವರನ್ನು ದೇಶದಿಂದ ದೂರವಿಡುವ ಈ ವಿಧಿ 1882ರ ವಲಸೆ ಕಾಯ್ದೆಯಲ್ಲೇ ಇತ್ತು. 2019ರ ನಿಯಮ ಆಹಾರ, ಆರೋಗ್ಯ, ವಸತಿ ನೆರವನ್ನೂ ಎಣಿಕೆಗೆ ಸೇರಿಸಿತು. 2021ರಲ್ಲಿ ಅದು ಹೋಯಿತು. 2022ರ ನಿಯಮ ಮುಖ್ಯವಾಗಿ ನಗದು ನೆರವು ಮತ್ತು ಸರ್ಕಾರಿ ಖರ್ಚಿನ ದೀರ್ಘಕಾಲದ ಸಂಸ್ಥಾವಾಸಕ್ಕೆ ಸೀಮಿತವಾಯಿತು. 2025ರ ನವೆಂಬರ್‌ನಲ್ಲಿ ಅದನ್ನೂ ತೆಗೆಯುವ ಪ್ರಸ್ತಾವ ಹೊರಬಿತ್ತು. ಹೀಗೆ ತೂಗಾಡುವ ನಿಯಮದಡಿ ವಾಟ್ಸ್ಆ್ಯಪ್ ಗುಂಪಿನ ಸಲಹೆ ನಂಬುವುದು ಅಪಾಯ. ಅರ್ಜಿ ಹಾಕುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರನ್ನೋ ಉಚಿತ ಕಾನೂನು ನೆರವು ಕೇಂದ್ರವನ್ನೋ ಕೇಳಬೇಕು. ಹೆದರಿ ಸುಮ್ಮನಿರುವವರಲ್ಲಿ ಈ ನಿಯಮಕ್ಕೆ ಒಳಪಡದವರೂ ಬಹಳ.

ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ ಬಂದು ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರದು ಇನ್ನೂ ಇಕ್ಕಟ್ಟು. ಅನೇಕರಿಗೆ ದುಡಿಯಲು ಪರವಾನಗಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ತವರಿಗೆ ಹೇಳಲು ಮುಜುಗರ. ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ 1985ರಲ್ಲಿ ನ್ಯೂಜೆರ್ಸಿಯಲ್ಲಿ ಮಾನವಿ, 1991ರಲ್ಲಿ ಈ ಕಣಿವೆಯಲ್ಲೇ ಮೈತ್ರಿ ಹುಟ್ಟಿದ್ದು ಇದಕ್ಕಾಗಿ. ಕೌಂಟಿಯ ದೊಡ್ಡ ಜಾಲ ಕಾಣದ್ದನ್ನು ಇಂಥ ಸಂಸ್ಥೆಗಳು ಕಂಡವು. ಅತ್ತೆಯ ಮನೆಯ ಒತ್ತಡ ಎಂದರೇನು ಎಂದು ಇಲ್ಲಿ ಯಾರಿಗೂ ಮೊದಲಿನಿಂದ ವಿವರಿಸಬೇಕಿಲ್ಲ.

ಭಾಷೆಯ ತೊಡಕೂ ಇದೆ. ಕೌಂಟಿಯ ಪತ್ರಗಳು ಸ್ಪ್ಯಾನಿಷ್, ವಿಯೆಟ್ನಾಮೀಸ್, ಚೀನೀ ಭಾಷೆಗಳಲ್ಲಿ ಸಿಗುತ್ತವೆ; ಕನ್ನಡದಲ್ಲಿ ಅಲ್ಲ. ಆದರೆ ಅರ್ಜಿಯ ಸಂದರ್ಶನಕ್ಕೆ ಉಚಿತ ದುಭಾಷಿಯನ್ನು ಕೇಳಬಹುದು. ಫೋನಿನಲ್ಲಿ ಕನ್ನಡದವರನ್ನೂ ಕರೆಸಬಹುದು. ಅಜ್ಜಿಯ ಪರವಾಗಿ ಮಗನೇ ಮಾತಾಡಿಬಿಟ್ಟರೆ, ಮಗನ ಮುಂದೆ ಹೇಳಲಾಗದ್ದು ಹೊರಬರುವುದಿಲ್ಲ. ಕನ್ನಡ ಕೂಟಗಳು ರಾಜ್ಯೋತ್ಸವ, ಯುಗಾದಿಗೆ ತೋರುವ ಶಿಸ್ತಿನಲ್ಲಿ ನಾಲ್ಕಾರು ಸ್ವಯಂಸೇವಕರನ್ನು ತರಬೇತುಗೊಳಿಸಿ ಈ ಕೆಲಸಕ್ಕೆ ಬಿಟ್ಟರೆ ಅದು ದೊಡ್ಡ ಉಪಕಾರ.

ಏನು ಫಲಿಸುತ್ತದೆ?

ಅನುಭವದಿಂದ ಮೂರು ಪಾಠ ನಿಚ್ಚಳವಾಗಿವೆ. ಮೊದಲನೆಯದು, ಫಾರಂ ಸರಳವಾದರೆ ಜನ ಬರುತ್ತಾರೆ. ಕ್ಯಾಲಿಫೋರ್ನಿಯಾದ ಹಳೆಯ ಆನ್‌ಲೈನ್ ಅರ್ಜಿಗೆ ಐವತ್ತಕ್ಕೂ ಹೆಚ್ಚು ಪರದೆಗಳಿದ್ದವು. ಕೋಡ್ ಫಾರ್ ಅಮೆರಿಕ ಎಂಬ ಲಾಭೇತರ ಸಂಸ್ಥೆ ಮೊಬೈಲಿನಲ್ಲೇ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಅರ್ಜಿ ಮಾಡಿ ತೋರಿಸಿತು.

ಎರಡನೆಯದು, ಸಂಖ್ಯೆ ಕೊಟ್ಟು ಕಳಿಸುವುದಕ್ಕೂ ಕೈಹಿಡಿದು ಕರೆದೊಯ್ಯುವುದಕ್ಕೂ ವ್ಯತ್ಯಾಸವಿದೆ. ಸಾಮಾನ್ಯವಾಗಿ ಸಂಸ್ಥೆಗಳ ವರದಿಗಳು ಎಷ್ಟು ಜನರಿಗೆ ಮಾಹಿತಿ ಕೊಟ್ಟೆವು ಎಂದು ಹೇಳುತ್ತವೆ. ಅವರಲ್ಲಿ ಎಷ್ಟು ಜನರಿಗೆ ಕೊನೆಗೆ ಅಕ್ಕಿ, ಔಷಧ, ಮನೆ ಸಿಕ್ಕಿತು ಎಂಬ ಲೆಕ್ಕ ಇದ್ದರೆ ಮಾತ್ರ ಯಾವ ಕೊಂಡಿ ಮುರಿದಿದೆಯೆಂದು ಗೊತ್ತಾಗುತ್ತದೆ. ವಾರ ಬಿಟ್ಟು ಮತ್ತೆ ಫೋನ್ ಮಾಡಿ ವಿಚಾರಿಸುವ ಸಿಬ್ಬಂದಿಗೆ ಸಂಬಳ ಕೊಡುವುದು ಕೌಂಟಿಗಳಿಗೆ ದುಂದುಗಾರಿಕೆಯಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹುಡುಕಬೇಕಾದ ಅಗತ್ಯವನ್ನೇ ತಪ್ಪಿಸಬಹುದು. ಸ್ನ್ಯಾಪ್ ಪಡೆಯುವ ಮನೆಯ ಮಕ್ಕಳಿಗೆ ಶಾಲೆಯ ಉಚಿತ ಊಟಕ್ಕೆ ಬೇರೆ ಅರ್ಜಿ ಬೇಡವೆಂದು, ಎರಡು ಇಲಾಖೆಗಳ ದಾಖಲೆ ತಾಳೆ ನೋಡುವ ಪದ್ಧತಿಯನ್ನು 2004ರ ಕಾಯ್ದೆ ಕಡ್ಡಾಯ ಮಾಡಿತು. 2024ರಲ್ಲಿ ಶುರುವಾದ ಬೇಸಿಗೆ ರಜೆಯ ಆಹಾರ ಕಾರ್ಡು, ಸೇರಿದ ರಾಜ್ಯಗಳಲ್ಲಿ ಇದೇ ರೀತಿ ಬಹಳಷ್ಟು ಮಕ್ಕಳ ಮನೆಗೆ ಕೇಳದೆಯೇ ಬಂತು. 19ನೇ ಶತಮಾನದ ದಾನ ಸಂಘಗಳು ಬಡವರ ಪಟ್ಟಿ ಇಟ್ಟದ್ದು ಅವರ ಮೇಲೆ ಕಣ್ಣಿಡಲಿಕ್ಕೆ. ಇಂದಿನ ಸರ್ಕಾರಗಳ ಬಳಿ ಅದಕ್ಕಿಂತ ಎಷ್ಟೋ ದೊಡ್ಡ ಪಟ್ಟಿ ಇದೆ: ತೆರಿಗೆ, ಸಂಬಳ, ಶಾಲೆ, ವಿಮೆ ಎಲ್ಲದರದೂ. ಬಡವರು ಅನರ್ಹರೆಂದು ತೋರಿಸಲು ಆ ದಾಖಲೆಗಳನ್ನು ಕ್ಷಣಾರ್ಧದಲ್ಲಿ ತೆಗೆಯಬಲ್ಲ ಆಡಳಿತ, ಅವರು ಅರ್ಹರೆಂದು ತಿಳಿಯಲು ಮಾತ್ರ ಅವರಿಂದಲೇ ಮತ್ತೆ ಮತ್ತೆ ಕಾಗದ ತರಿಸುತ್ತದೆ. ಈ ಅಸಮತೋಲವನ್ನು ಸರಿಪಡಿಸಿದ ಕೌಂಟಿಯಲ್ಲಿ ದಾರಿ ತೋರುವವರಿಗೆ ಬಿಡುವಾಗುತ್ತದೆ. ಆ ಬಿಡುವನ್ನು ಅವರು ಯಾವ ಪಟ್ಟಿಯಲ್ಲೂ ಇಲ್ಲದವರಿಗೆ ಕೊಡಬಹುದು.